‘ಫಾಸ್ಟ್’ ಎಂದರೆ ಓಡುವುದೋ, ಕದಲದಿರುವುದೋ?

ಪ್ರಶ್ನೆ: ಡೊಂಬಿವಲಿಯ ಅನುವಾದಕಿ

ಅಂಧೇರಿಯ ಸಣ್ಣ ಕಚೇರಿಯೊಂದರಲ್ಲಿ ಸರಕಿನ ಚೀಟಿಗಳನ್ನೂ ಕೈಪಿಡಿಗಳನ್ನೂ ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ಕೆಲಸ. ಹೋದ ವಾರ ಹಾಸಿಗೆ ಹೊದಿಕೆಯೊಂದರ ಚೀಟಿ ಅಚ್ಚಾಗಿ ಬಂದಾಗ ಅದರಲ್ಲಿ ‘ವೇಗದ ಬಣ್ಣಗಳು’ ಎಂದಿತ್ತು. ಮೂಲದಲ್ಲಿದ್ದದ್ದು ‘ಫಾಸ್ಟ್ ಕಲರ್ಸ್’. ಕರಡನ್ನು ನೋಡಿ ಸಹಿ ಹಾಕಿದವಳು ನಾನೇ ಆದ್ದರಿಂದ ಬೇರೆ ಯಾರನ್ನೂ ದೂರುವಂತಿಲ್ಲ.

ಅದೇ ದಿನ ಮಧ್ಯಾಹ್ನ ಪಕ್ಕದ ಮೇಜಿನ ಗುಜರಾತಿ ಗೆಳತಿ ‘ಆಜ್ ಮೇರಾ ಫಾಸ್ಟ್ ಹೈ’ ಎನ್ನುತ್ತ ಸಾಬೂದಾಣೆ ಖಿಚಡಿಯ ಡಬ್ಬಿ ತೆರೆದಳು. ಸಂಜೆ ದಾದರಿನಲ್ಲಿ ಗಾಡಿ ಬದಲಿಸಿ ಕಲ್ಯಾಣ್ ಫಾಸ್ಟ್ ಹತ್ತಿದರೆ, ಅದು ಕುರ್ಲಾ ದಾಟುವ ಮೊದಲೇ ಸಿಗ್ನಲಿಗೆ ಕಾಯುತ್ತ ಇಪ್ಪತ್ತು ನಿಮಿಷ ಅಲುಗಾಡದೆ ನಿಂತಿತು. ಬೇಗ ಓಡುವುದು, ಊಟ ಬಿಡುವುದು, ಬಿಡದೆ ಅಂಟಿಕೊಳ್ಳುವುದು, ಈ ಮೂರೂ ಒಂದೇ ಪದದೊಳಗೆ ಹೇಗೆ ಸೇರಿದವು? ಇವು ಬೇರೆ ಬೇರೆ ಪದಗಳು ಆಕಸ್ಮಿಕವಾಗಿ ಒಂದೇ ಉಚ್ಚಾರಕ್ಕೆ ಬಂದವೇ, ಅಥವಾ ಒಂದೇ ಬೇರಿನ ಕೊಂಬೆಗಳೇ? ಚೀಟಿಯಲ್ಲಿ ಏನು ಬರೆಯಬೇಕೆಂಬುದನ್ನೂ ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ: ಮಾಟುಂಗಾದ ನಿವೃತ್ತ ಮೇಷ್ಟ್ರು

ಬೇರು ಒಂದೇ. ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ಇದ್ದ ಅರ್ಥ ‘ಗಟ್ಟಿಯಾದ, ಕದಲದ, ಬಿಗಿಯಾದ’ ಎಂದು. ಜರ್ಮನ್ ಭಾಷೆಯ ‘ಫೆಸ್ಟ್’ ಇಂದಿಗೂ ಅದೇ ಅರ್ಥವನ್ನು ಉಳಿಸಿಕೊಂಡಿದೆ. ವಿಮಾನದಲ್ಲಿ ಸೀಟ್ ಬೆಲ್ಟ್ ಕಟ್ಟಿಕೊಳ್ಳಿ ಎನ್ನುವಾಗ ಬರುವ ‘ಫಾಸನ್’ ಎಂಬ ಕ್ರಿಯಾಪದದಲ್ಲಿ, ನಾಲಿಗೆ ‘ಟಿ’ಯನ್ನು ನುಂಗಿದರೂ ಬರಹ ಅದನ್ನು ಬಿಟ್ಟಿಲ್ಲವಾದ್ದರಿಂದ, ಈ ಹಳೆಯ ಪದವೇ ಅಡಗಿದೆ ಎಂದು ಕಣ್ಣಿಗೆ ಕಾಣುತ್ತದೆ.

ಕದಲದಿರುವುದು ಓಡುವುದಾಗಿ ಮಾರ್ಪಟ್ಟದ್ದನ್ನು ನಾನು ರಾತ್ರಿಶಾಲೆಯ ಹುಡುಗರಿಗೆ ನಮ್ಮ ‘ಜೋರು’ ಪದದ ಮೂಲಕ ಹೇಳಿಕೊಡುತ್ತಿದ್ದೆ. ಅವರಲ್ಲಿ ಹೆಚ್ಚಿನವರು ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಬರುತ್ತಿದ್ದವರು, ವ್ಯಾಕರಣವೆಂದರೆ ತೂಕಡಿಸುವವರು. ಪಾರಸಿಯಲ್ಲಿ ಜೋರು ಎಂದರೆ ಬಲ. ನಾವು ‘ಹಗ್ಗವನ್ನು ಜೋರಾಗಿ ಹಿಡಿ’ ಎನ್ನುತ್ತೇವೆ, ಅಲ್ಲಿ ಅದು ಬಿಗಿ. ‘ಜೋರಾಗಿ ಓಡು’ ಎನ್ನುತ್ತೇವೆ, ಅಲ್ಲಿ ಅದು ವೇಗ. ‘ಜೋರು ನಿದ್ದೆ’ ಎನ್ನುತ್ತೇವೆ, ಅಲ್ಲಿ ಅದು ಗಾಢತೆ. ಇಂಗ್ಲಿಷಿನಲ್ಲಿಯೂ ನಡೆದದ್ದು ಇಷ್ಟೇ: ಬಿಗಿಯಾಗಿ ಎಂಬುದು ಮೊದಲು ಬಲವಾಗಿ, ಬಿಡದೆ ಎಂದಾಯಿತು, ಬಲವಾಗಿ ಓಡುವವನು ಬೇಗ ಓಡುತ್ತಾನಾದ್ದರಿಂದ ಕೊನೆಗೆ ವೇಗವೇ ಮುಖ್ಯ ಅರ್ಥವಾಗಿ ಕುಳಿತಿತು. ‘ಫಾಸ್ಟ್ ಅಸ್ಲೀಪ್’ ಎಂದಾಗ ವೇಗವಾಗಿ ನಿದ್ರಿಸುವುದು ಹೇಗೆಂದು ಹುಡುಗನೊಬ್ಬ ಕೇಳಿದ್ದ. ಜೋರು ನಿದ್ದೆ ಎಂದ ಕೂಡಲೇ ತರಗತಿಯೆಲ್ಲ ನಕ್ಕಿತು, ಮತ್ತೆ ಯಾರೂ ಕೇಳಲಿಲ್ಲ.

ಉಪವಾಸದ ಅರ್ಥವೂ ಅಲ್ಲಿಂದಲೇ ಬಂದದ್ದು. ನೇಮವನ್ನು ಗಟ್ಟಿಯಾಗಿ ಹಿಡಿಯುವುದು ಎಂಬ ಭಾವ ಅದರ ಮೂಲ. ನಾವು ‘ವ್ರತ ಹಿಡಿದಿದ್ದೇನೆ’ ಎನ್ನುವಾಗಿನ ‘ಹಿಡಿ’ಯೂ ಅದೇ ಹಿಡಿತವಲ್ಲವೇ? ಜರ್ಮನಿಕ್ ಬಳಗದ ಗಾಥಿಕ್ ಭಾಷೆಯಲ್ಲಿ ಒಂದೇ ಕ್ರಿಯಾಪದಕ್ಕೆ ಪಾಲಿಸು, ಉಪವಾಸವಿರು ಎಂಬ ಎರಡೂ ಅರ್ಥಗಳಿದ್ದವು. ಆ ನೇಮವನ್ನು ಬೆಳಿಗ್ಗೆ ಮುರಿಯುವುದೇ ‘ಬ್ರೇಕ್‌ಫಾಸ್ಟ್’, ನಮ್ಮ ಏಕಾದಶಿಯ ಮರುದಿನದ ಪಾರಣೆಯ ಹಾಗೆ. ಈ ಊರಿನಲ್ಲಿ ನಾವೆಲ್ಲ ಆಡುವ ‘ನಾಷ್ಟಾ’ ಎಂಬ ಪದವೂ ಪಾರಸಿಯಲ್ಲಿ ಬೆಳಗಿನಿಂದ ಏನೂ ತಿನ್ನದಿರುವುದನ್ನೇ ಸೂಚಿಸುತ್ತಿತ್ತು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಉತ್ತರ: ಬಣ್ಣದ ಕೆಲಸದವನು, ಭಿವಂಡಿ

ಬೇರಿನ ವಿಚಾರ ಮೇಷ್ಟ್ರಿಗೆ ಬಿಟ್ಟದ್ದು. ಚೀಟಿಯ ವಿಚಾರದಲ್ಲಿ ಒಂದು ಮಾತು ಹೇಳುತ್ತೇನೆ. ನಮ್ಮಲ್ಲಿ ಬರಿಯ ‘ಫಾಸ್ಟ್’ ಎಂಬುದಿಲ್ಲ. ಬಣ್ಣ ಯಾವುದಕ್ಕೆ ಫಾಸ್ಟ್ ಎಂದು ಕೇಳುತ್ತೇವೆ. ಒಗೆತಕ್ಕೋ, ಬೆವರಿಗೋ, ಉಜ್ಜಿದರೋ, ಬಿಸಿಲಿಗೋ? ಬಿಳಿ ಬಟ್ಟೆಯ ತುಂಡನ್ನು ಜೊತೆಗಿಟ್ಟು ಒಗೆದು, ಅದಕ್ಕೆ ಎಷ್ಟು ಬಣ್ಣ ಅಂಟಿತು ಎಂಬುದನ್ನು ಬೂದುಬಣ್ಣದ ಅಳತೆಪಟ್ಟಿಯೊಂದಿಗೆ ಹೋಲಿಸಿ 1ರಿಂದ 5ರವರೆಗೆ ಅಂಕ ಕೊಡುತ್ತೇವೆ. 5 ಎಂದರೆ ಬಿಳಿ ತುಂಡು ಬಿಳಿಯಾಗಿಯೇ ಉಳಿದಿದೆ ಎಂದರ್ಥ. ಬಿಸಿಲಿನ ಪರೀಕ್ಷೆಗೆ ನೀಲಿ ಉಣ್ಣೆಯ ಪಟ್ಟಿಗಳ ಬೇರೆ ಅಳತೆ, 1ರಿಂದ 8ರವರೆಗೆ.

ಹತ್ತಿ ಬಟ್ಟೆಗೆ ಹಾಕುವ ರಿಯಾಕ್ಟಿವ್ ಬಣ್ಣವು ನೂಲಿನೊಂದಿಗೆ ರಾಸಾಯನಿಕವಾಗಿಯೇ ಕೂಡಿಕೊಳ್ಳುತ್ತದೆ. ಹಾಗೆ ಕೂಡದೆ ಮೇಲೆ ಉಳಿದ ಬಣ್ಣವನ್ನು ಕುದಿಯುವ ಸೋಪಿನ ನೀರಿನಲ್ಲಿ ತೊಳೆದು ತೆಗೆಯಬೇಕು, ನೀರು ತಿಳಿಯಾಗುವವರೆಗೆ. ಅಲ್ಲಿ ಆತುರ ಮಾಡಿದರೆ ಮನೆಯ ಮೊದಲ ಒಗೆತಕ್ಕೇ ಬಕೆಟ್ಟು ಕೆಂಪಾಗುತ್ತದೆ. ಒಂದು ರೀತಿಯಲ್ಲಿ ನೋಡಿದರೆ ಫಾಸ್ಟಾಗಿ ಮಾಡಿದ ಬಣ್ಣ ಫಾಸ್ಟಾಗುವುದಿಲ್ಲ. ಮಾತಿನಲ್ಲಿ ನಾವು ಹೇಳುವುದು ‘ಪಕ್ಕಾ ಬಣ್ಣ’ ಎಂದು.

ಉತ್ತರ: ಗಿರಗಾಂವದ ಓದುಗ

ಮೇಷ್ಟ್ರ ‘ಜೋರು’ ಬಹಳ ದೂರ ಬರುತ್ತದೆ, ಆದರೆ ಕೈಗಡಿಯಾರದ ಬಳಿ ನಿಂತುಬಿಡುತ್ತದೆ. ‘ಗಡಿಯಾರ ಐದು ನಿಮಿಷ ಫಾಸ್ಟ್’ ಎಂದರೆ ಮುಳ್ಳು ಜೋರಾಗಿ ಓಡುತ್ತಿದೆ ಎಂದೇನೂ ಅಲ್ಲ. ಸರಿಯಾದ ಗತಿಯಲ್ಲೇ ನಡೆಯುತ್ತ ಐದು ನಿಮಿಷ ಮುಂದಿರಬಹುದು. ಕನ್ನಡದಲ್ಲಿ ನಾವು ‘ಮುಂದಿದೆ’ ಎಂದೇ ಹೇಳುತ್ತೇವೆ, ಅದೇ ಹೆಚ್ಚು ಖಚಿತ. 1906ರಲ್ಲಿ ದೇಶಕ್ಕೆ ಒಂದೇ ಸಮಯ ಜಾರಿಯಾದ ಮೇಲೂ ಈ ನಗರದಲ್ಲಿ 39 ನಿಮಿಷ ಹಿಂದಿದ್ದ ಬಾಂಬೆ ಸಮಯ 1955ರವರೆಗೆ ಬಳಕೆಯಲ್ಲಿತ್ತು. ಆಗ ರೈಲಿನ ಗಡಿಯಾರ ಫಾಸ್ಟೋ, ಊರಿನ ಗಡಿಯಾರ ಸ್ಲೋವೋ ಎಂಬುದು ಕೇಳಿದವರ ಪಕ್ಷವನ್ನು ಅವಲಂಬಿಸಿತ್ತು.

ಲೋಕಲ್ ಗಾಡಿಯ ‘ಫಾಸ್ಟ್’ ಕೂಡ ಹಾಗೆಯೇ. ಎರಡು ನಿಲ್ದಾಣಗಳ ನಡುವೆ ಸ್ಲೋ ಗಾಡಿಯೂ ಸಾಕಷ್ಟು ಜೋರಾಗಿಯೇ ಓಡುತ್ತದೆ. ಫಾಸ್ಟ್ ಎಂದರೆ ನಡುವಿನ ನಿಲ್ದಾಣಗಳಲ್ಲಿ ನಿಲ್ಲದ್ದು, ಅಷ್ಟೇ. ಮೇಷ್ಟ್ರು ಮಾಟುಂಗಾದವರು, ಮಧ್ಯ ರೈಲ್ವೆಯ ಫಾಸ್ಟ್ ಗಾಡಿ ತಮ್ಮ ಊರನ್ನು ದಾಟಿ ಹೋಗುವುದನ್ನು ದಿನವೂ ನೋಡುತ್ತಿರಬೇಕು.

ಉತ್ತರ: ಪುಣೆಯಲ್ಲಿರುವ ಧಾರವಾಡದವಳು

ಅನುವಾದಕಿಯವರು ‘ಬಣ್ಣ ಹತ್ತುವುದಿಲ್ಲ’ ಎಂದು ಮಾತ್ರ ಬರೆಯಬಾರದೆಂದು ವಿನಂತಿ. ನಮ್ಮ ಕಡೆ ಬೆಂಕಿ ಹತ್ತುತ್ತದೆ, ನಿದ್ದೆ ಹತ್ತುತ್ತದೆ, ಬಸ್ಸನ್ನೂ ಹತ್ತುತ್ತೇವೆ. ಬಣ್ಣ ಹತ್ತಿತು ಎಂದರೆ ಒಂದು ಸೀರೆಯ ಬಣ್ಣ ಇನ್ನೊಂದಕ್ಕೆ ಅಂಟಿತು ಎಂದೂ ಆಗುತ್ತದೆ, ಅದ್ದಿದ ನೂಲು ಬಣ್ಣ ಹಿಡಿಯಿತು ಎಂದೂ ಆಗುತ್ತದೆ. ಒಂದು ದೂರು, ಇನ್ನೊಂದು ಹೊಗಳಿಕೆ. ಇಂಗ್ಲಿಷಿನವರನ್ನು ನಗುವ ಮೊದಲು ನಮ್ಮ ‘ಹತ್ತು’ವನ್ನು ಹೊರಗಿನವರಿಗೆ ವಿವರಿಸಲು ಒಮ್ಮೆ ಪ್ರಯತ್ನಿಸಿ ನೋಡಬೇಕು, ಸಂಖ್ಯೆಯನ್ನಂತೂ ನಾನು ಇನ್ನೂ ಎಣಿಸಿಯೇ ಇಲ್ಲ.

ಪ್ರಶ್ನೆ ಕೇಳಿದವಳು

ಎಲ್ಲರಿಗೂ ವಂದನೆಗಳು. ‘ಪಕ್ಕಾ ಬಣ್ಣ’ ಎಂದು ಬರೆಯಲು ಕೈ ಹೋಗಿತ್ತು, ಆದರೆ ಭಿವಂಡಿಯವರ ಮಾತು ಓದಿದ ಮೇಲೆ ಯಾವುದಕ್ಕೆ ಪಕ್ಕಾ ಎಂದು ಕೊಳ್ಳುವವರು ಕೇಳಿದರೆ ನನ್ನಲ್ಲಿ ಉತ್ತರವಿಲ್ಲವೆಂದು ಹೊಳೆಯಿತು. ಸದ್ಯಕ್ಕೆ ‘ಒಗೆದರೆ ಬಣ್ಣ ಬಿಡುವುದಿಲ್ಲ’ ಎಂದು ಬರೆದಿಟ್ಟು, ಒಗೆತದ ಪರೀಕ್ಷೆಯಲ್ಲಿ ಬಂದ ಅಂಕವೆಷ್ಟೆಂದು ತಯಾರಕರಿಗೆ ಪತ್ರ ಹಾಕಿದ್ದೇನೆ. ಅದು 4ಕ್ಕಿಂತ ಕಡಿಮೆ ಬಂದರೆ ಈ ವಾಕ್ಯವನ್ನೂ ಹೊಡೆದುಹಾಕಿ, ‘ಮೊದಲ ಸಲ ಬೇರೆಯಾಗಿ ಒಗೆಯಿರಿ’ ಎಂದು ಬರೆಯುವೆ.