ಅಜ್ಜನ ಕೋವಿ ಟಿಪ್ಪುವಿನ ಕಾಲದ್ದೇ?

ಪ್ರಶ್ನೆ: ಅಣ್ಣ, ನಮಸ್ಕಾರ. ನೀವು ಸೈನ್ಯದಲ್ಲಿ ಕೋವಿ ರಿಪೇರಿ ಮಾಡುವ ಆರ್ಮರರ್ ಆಗಿದ್ದವರೆಂದು ಕೇಳುತ್ತಿದ್ದೇನೆ. ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಕಳೆದ ತಿಂಗಳು ಅಜ್ಜ ತೀರಿಕೊಂಡರು. ಅಟ್ಟ ಗುಡಿಸುವಾಗ ಅವರ ಕೋವಿ ಸಿಕ್ಕಿತು. ಟಿಪ್ಪುವಿನ ಸೈನಿಕರು ಬೇಕಲ ಕೋಟೆಯಲ್ಲಿ ಬಿಟ್ಟುಹೋದದ್ದು ಅನ್ನುತ್ತಿದ್ದರು. ಕುದುರೆಯ (ಹಿಂದಕ್ಕೆ ಎಳೆದು ಬಿಟ್ಟರೆ ಬಡಿಯುವ ಸುತ್ತಿಗೆ) ಪಕ್ಕದ ತಗಡಿನಲ್ಲಿ ಕಿರೀಟ, ಅದರಡಿ ವಿ.ಆರ್., ಮುಂದೆ 1861, ಟವರ್ ಎಂದಿದೆ. ನಳಿಗೆಗೆ ಮೂರು ಪಟ್ಟಿ. ಹಿಂದೆ ಒಂದು ಮುಚ್ಚಳ ಬಲಕ್ಕೆ ತೆರೆಯುತ್ತದೆ. ತುಕ್ಕಿದೆ, ಮರಳುಕಾಗದದಲ್ಲಿ ಉಜ್ಜಲೇ?

ಉತ್ತರ: ಉಜ್ಜಬೇಡ ತಂಗಿ! ಆ ಅಕ್ಷರಗಳೇ ಕೋವಿಯ ಜಾತಕ, ಸವೆದರೆ ಮತ್ತೆ ಬಾರವು. ಮುಚ್ಚಳ ತೆರೆದು ಒಳಗೆ ತೋಟೆ ಇಲ್ಲವೆಂದು ಮೊದಲು ನೋಡಿಕೋ. ಆಮೇಲೆ ಹತ್ತಿಬಟ್ಟೆಯಲ್ಲಿ ತೆಳುವಾಗಿ ಎಣ್ಣೆ ಒರೆಸು, ಅಷ್ಟು ಸಾಕು.

ಟಿಪ್ಪು ತೀರಿಕೊಂಡದ್ದು 1799ರಲ್ಲಿ. ವಿ.ಆರ್. ಅಂದರೆ ವಿಕ್ಟೋರಿಯಾ ರಾಣಿ, ಆಕೆ ಪಟ್ಟಕ್ಕೆ ಬಂದದ್ದೇ 1837ರಲ್ಲಿ. ಬೇಕಲದ ಕತೆ ಇದಕ್ಕೆ ಕೂಡುವುದಿಲ್ಲ. ಆದರೆ ಇದರ ನಿಜವಾದ ಕತೆಯೂ ಸಣ್ಣದಲ್ಲ. 1861ರಲ್ಲಿ ಇದು ಬಾಯಿಯಿಂದ ಮದ್ದು ತುಂಬುವ ಕೇಪಿನ (ಕುದುರೆ ಬಡಿದಾಗ ಕಿಡಿ ಕೊಡುವ ಪುಟ್ಟ ಟೊಪ್ಪಿ) ಕೋವಿ, 1853ರ ಮಾದರಿಯ ಎನ್‌ಫೀಲ್ಡ್. ಜೇಕಬ್ ಸ್ನೈಡರ್ ಎಂಬ ಅಮೆರಿಕದವನ ಉಪಾಯವನ್ನು ಬ್ರಿಟಿಷ್ ಸೇನೆ 1866ರಲ್ಲಿ ಒಪ್ಪಿಕೊಂಡಿತು. ನಳಿಗೆಯ ಹಿಂಬದಿಯನ್ನು ಕತ್ತರಿಸಿ, ನೀನು ಹೇಳಿದ ಆ ಮುಚ್ಚಳ ಕೂಡಿಸಿ, ಹಳೆಯದನ್ನೇ ತೋಟೆ ಕೋವಿ ಮಾಡಿದರು. ಅದೇ ಸ್ನೈಡರ್-ಎನ್‌ಫೀಲ್ಡ್. ನಳಿಗೆಯ ಬಾಯಿ 0.577 ಇಂಚು ಇರಬೇಕು, ಅಳೆದು ನೋಡು.

ಟವರ್ ಎಂದರೆ ಲಂಡನ್ ಟವರಿನ ಶಸ್ತ್ರಾಗಾರ. ಖಾಸಗಿ ಗುತ್ತಿಗೆದಾರರು ಮಾಡಿಕೊಟ್ಟ ಕೋವಿಗೆ ಈ ಮುದ್ರೆ. ಸರ್ಕಾರಿ ಕಾರ್ಖಾನೆಯದಾದರೆ ಎನ್‌ಫೀಲ್ಡ್ ಎಂದೇ ಇರುತ್ತಿತ್ತು. ಎರಡು ಬಾಣದ ಗುರುತು ಮೊನೆಗೆ ಮೊನೆ ತಾಗಿಸಿಕೊಂಡಿವೆಯಾ? ಇದ್ದರೆ ಸೇನೆಯೇ ಹೊರಗೆ ಮಾರಿದ್ದು. ಅಕ್ಷರ ತಿರುಗಿದ್ದರೆ, ಸೊಟ್ಟಗಿದ್ದರೆ ನಕಲಿನ ಸಂಶಯ. ತಗಡಿನ ಫೋಟೋ ಹಾಕು.

ಪ್ರಶ್ನೆ: ಬಾಣ ಇವೆ ಅಣ್ಣ, ಮೊನೆಗೆ ಮೊನೆ! ಲೈಸೆನ್ಸ್ ಅಜ್ಜನ ಹೆಸರಲ್ಲಿತ್ತು. ಹಳೇ ಕೋವಿಗೂ ಅದು ಬೇಕಾ?

ಉತ್ತರ: ಬೇಕು. ರಿಪೇರಿ ಮಾಡಿದರೂ ಗುಂಡು ಹಾರದ ಹಳೇ ಕೋವಿಗೆ ಮಾತ್ರ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ವಿನಾಯಿತಿ. ನಿನ್ನದರ ಕುದುರೆ ಇನ್ನೂ ಏಳುತ್ತದಲ್ಲ? ಹಾಗಾದರೆ ಇಂದೇ ಠಾಣೆಗೆ ಫೋನ್ ಮಾಡಿ ತಿಳಿಸಿ, ಅವರು ಹೇಳಿದಂತೆ ಒಪ್ಪಿಸು. ಆಮೇಲೆ ಮನೆಯವರೆಲ್ಲರ ಒಪ್ಪಿಗೆ ಪತ್ರದೊಂದಿಗೆ ವಾರಸುದಾರರ ಅರ್ಜಿಯನ್ನು ವಿದ್ಯಾನಗರದ ಕಲೆಕ್ಟರೇಟಿಗೆ ಕೊಡು. ಠಾಣೆಯ ರಸೀದಿಯಲ್ಲಿ ಬರೀ ‘ಹಳೇ ಕೋವಿ’ ಎಂದು ಬರೆದರೆ ಒಪ್ಪಬೇಡ. 1861, ಟವರ್, ಸ್ನೈಡರ್ ಎಂದು ಬರೆಸಿಕೋ.