ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಕಾರಿನ ಪಟಾರ್ ಸದ್ದು, ಸೈಲೆನ್ಸರ್ ಬೆಂಕಿ: ಮ್ಯಾಪ್ ಹಾಕಿಸಬಹುದಾ?

ಮಲೆನಾಡ್_ಟಿಎಸ್‌ಐ

ಎಲ್ಲರಿಗೂ ನಮಸ್ಕಾರ. ನನ್ನದು 1.5 ಟಿಎಸ್‌ಐ (ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಎಂಜಿನ್), ಡಿಎಸ್‌ಜಿ (ಎರಡು ಕ್ಲಚ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಸೆಡಾನ್. ಪೂರ್ತಿ ಸ್ಟಾಕ್, ಅಂದ್ರೆ ಕಂಪನಿ ಕೊಟ್ಟ ಹಾಗೇ ಇದೆ, ವಾರಂಟಿ ಇನ್ನೂ ಇದೆ. ಸಕಲೇಶಪುರದ ಕಡೆ ಓಡಾಟ ಜಾಸ್ತಿ, ಆಗಾಗ ಬೆಂಗಳೂರು.

ಗೆಳೆಯನ ಕಾರಿನಲ್ಲೂ ಇದೇ ಎಂಜಿನ್ ಇದೆ. ಅವನು ಸ್ಟೇಜ್ 1 ರೀಮ್ಯಾಪ್ (ಪವರ್ ಹೆಚ್ಚಿಸಲು ಎಂಜಿನ್ ಸಾಫ್ಟ್‌ವೇರ್ ಬದಲಾಯಿಸುವುದು) ಜೊತೆಗೆ ಪಟಾರ್ ಸದ್ದಿನ ಪಾಪ್ಸ್ ಅಂಡ್ ಬ್ಯಾಂಗ್ಸ್ ಮ್ಯಾಪ್ ಹಾಕಿಸಿ, ಡೌನ್‌ಪೈಪ್ (ಟರ್ಬೊದಿಂದ ಹೊರಡುವ ಎಕ್ಸಾಸ್ಟ್ ಪೈಪ್) ಕೂಡ ಬದಲಾಯಿಸಿದ್ದಾನೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಪಟಾರ್ ಪಟಾರ್ ಅನ್ನುತ್ತದೆ. ರಾತ್ರಿ ಅವನ ಹಿಂದೆ ಹೋಗುವಾಗ ನೋಡಿದೆ, ಸೈಲೆನ್ಸರ್ ತುದಿಯಲ್ಲಿ ಗೇಣುದ್ದ ಕಿತ್ತಳೆ ಬೆಂಕಿ. ಟ್ಯೂನರ್ ನನಗೂ ಮಾಡಿಕೊಡುತ್ತೇನೆ ಅಂತಿದ್ದಾರೆ. "ಬರೀ ಸಾಫ್ಟ್‌ವೇರ್, ಎಂಜಿನ್‌ಗೆ ಏನೂ ಆಗಲ್ಲ" ಅನ್ನುವುದು ಅವರ ಮಾತು.

ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರ್ ಒಳಗೆ ಹೋಗುತ್ತದೆ ಅಲ್ವಾ? ಹಾಗಿದ್ದರೆ ಸೈಲೆನ್ಸರ್ ತನಕ ಬೆಂಕಿ ಹೇಗೆ ಬರುತ್ತದೆ? ಇನ್ನೊಂದು, ನನ್ನ ಸ್ಟಾಕ್ ಕಾರೂ ಫುಲ್ ಥ್ರಾಟಲ್‌ನಲ್ಲಿ ಗೇರ್ ಮೇಲೆ ಹೋಗುವಾಗ "ಬ್ರಪ್" ಅನ್ನುತ್ತದೆ. ಇತ್ತೀಚೆಗೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಸಣ್ಣಗೆ "ಟಪ್" ಅಂದಿದ್ದೂ ಇದೆ. ಇವೆಲ್ಲ ಒಂದೇನಾ?

ಕ್ಯಾಲಿಬ್ರೇಶನ್_ಗುರು

ಬೆಂಗಳೂರಿನಲ್ಲಿ ಪೆಟ್ರೋಲ್ ಕಾರುಗಳ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕ್ಯಾಲಿಬ್ರೇಶನ್ ನನ್ನ ಕೆಲಸ. ದಿನಾ ಕೈಯಾಡಿಸುವ ವಿಷಯ, ಹಾಗಾಗಿ ಉತ್ತರ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಮೊದಲು ಸ್ಟಾಕ್ ಕಾರು. ಶಿರಾಡಿ ಇಳಿಯುವಾಗ ಗೇರಿನಲ್ಲೇ ಇಟ್ಟು ಕಾಲು ತೆಗೆದರೆ ಇಸಿಯು ಇಂಜೆಕ್ಟರ್‌ಗಳನ್ನು ಮುಚ್ಚಿಬಿಡುತ್ತದೆ. ಒಂದು ಹನಿ ಪೆಟ್ರೋಲೂ ಹೋಗುವುದಿಲ್ಲ. ಆರ್‌ಪಿಎಂ ಐಡಲ್ ಹತ್ತಿರಕ್ಕೆ ಇಳಿದ ಮೇಲೆ ಮತ್ತೆ ಶುರು. ಇದಕ್ಕೆ ಫ್ಯುಯೆಲ್ ಕಟ್ ಅನ್ನುತ್ತೇವೆ. ಪೆಟ್ರೋಲೇ ಇಲ್ಲದ ಕಡೆ ಬೆಂಕಿ ಬರುವುದಕ್ಕೆ ದಾರಿಯೇ ಇಲ್ಲ.

ಹಳೇ ಕಾರ್ಬುರೇಟರ್ ಗಾಡಿಗಳು ತಾವಾಗಿಯೇ ಪಟಪಟ ಅನ್ನುತ್ತಿದ್ದವು, ಯಾಕಂದ್ರೆ ಥ್ರಾಟಲ್ ಮುಚ್ಚಿದರೂ ಎಂಜಿನ್ನಿನ ವ್ಯಾಕ್ಯೂಮ್ ಐಡಲ್ ಜೆಟ್‌ನಿಂದ ಪೆಟ್ರೋಲ್ ಎಳೆಯುತ್ತಲೇ ಇರುತ್ತಿತ್ತು. ಆಮೇಲೆ ಬಂದ ಪೋರ್ಟ್ ಇಂಜೆಕ್ಷನ್‌ನಲ್ಲಿ ಪೆಟ್ರೋಲ್ ಸಿಂಪಡಿಸುವುದು ಇಂಟೇಕ್ ವಾಲ್ವಿನ ಹಿಂದೆ. ಅಲ್ಲಿನ ಗೋಡೆಗೆ ತೆಳ್ಳಗೆ ಅಂಟಿಕೊಂಡ ಪೆಟ್ರೋಲ್, ಕಾಲು ತೆಗೆದ ಮೇಲೂ ಸ್ವಲ್ಪ ಸ್ವಲ್ಪ ಆವಿಯಾಗಿ ಒಳಗೆ ಹೋಗಿ ಅರ್ಧಂಬರ್ಧ ಉರಿದು ಹೊರಗೆ ಬರುತ್ತದೆ. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಪೋರ್ಟ್ ಗೋಡೆ ಒಣಗಿಯೇ ಇರುತ್ತದೆ. ಆದ್ದರಿಂದ ಇಂಥ ಎಂಜಿನ್ ತಾನಾಗಿ ಪಟಪಟ ಅನ್ನುವುದು ತೀರಾ ಕಡಿಮೆ. ನಿಮ್ಮ ಗೆಳೆಯನ ಕಾರಿನ ಒಂದೊಂದು ಪಟಾರ್ ಸದ್ದೂ ಮ್ಯಾಪಿನಲ್ಲಿ ಬೇಕಂತಲೇ ಬರೆದಿದ್ದು.

ಹೇಗೆ ಅಂದ್ರೆ, ಕಾಲು ತೆಗೆದ ಮೇಲೆ ಫ್ಯುಯೆಲ್ ಕಟ್ ಅನ್ನು ಕೆಲವು ಸೆಕೆಂಡ್ ತಡ ಮಾಡುತ್ತಾರೆ. ಥ್ರಾಟಲ್ ಸ್ವಲ್ಪ ತೆರೆದಿಟ್ಟು ಗಾಳಿ ಬಿಡುತ್ತಾರೆ. ಸ್ಪಾರ್ಕ್ ಮಾಮೂಲಿಯಾಗಿ ಪಿಸ್ಟನ್ ಮೇಲಿನ ತುದಿ ಮುಟ್ಟುವ ಮೊದಲೇ ಬೀಳಬೇಕು. ಇಲ್ಲಿ ತುದಿ ದಾಟಿ 20, 30 ಡಿಗ್ರಿ ಆದ ಮೇಲೆ ಬೀಳುವ ಹಾಗೆ ಮಾಡುತ್ತಾರೆ. ಆಗ ಪಿಸ್ಟನ್ ಕೆಳಗೆ ಹೊರಟಾಗಿರುತ್ತದೆ. ಬೆಂಕಿ ಹತ್ತಿದರೂ ಪಿಸ್ಟನ್ನಿಗೆ ಹೆಚ್ಚು ತಳ್ಳು ಸಿಗುವುದಿಲ್ಲ, ಎಕ್ಸಾಸ್ಟ್ ವಾಲ್ವ್ ತೆರೆಯುವ ಹೊತ್ತಿಗೂ ಉರಿ ಮುಗಿದಿರುವುದಿಲ್ಲ. ಉರಿಯುತ್ತಿರುವ ಗ್ಯಾಸ್ ಹಾಗೇ ಹೊರಗೆ ನುಗ್ಗುತ್ತದೆ. ನಿಮ್ಮ ಎಂಜಿನ್‌ನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್ಡಿನ ಒಳಗೇ ಇದೆ. ಹೆಡ್ ದಾಟಿದರೆ ಟರ್ಬೊ, ಅದರ ಬೆನ್ನಿಗೇ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಅಂದ್ರೆ ಕ್ಯಾಟ್. ಅಂದ್ರೆ ಸೈಲೆನ್ಸರ್ ತುದಿಯಲ್ಲಿ ನೀವು ನೋಡಿದ ಬೆಂಕಿ ಅದಕ್ಕೂ ಮೊದಲು ಟರ್ಬೊ ಒಳಗೆ ಉರಿದು ಬಂದಿದೆ.

ಸ್ಪಾರ್ಕ್ ತಡ ಮಾಡುವ ವಿದ್ಯೆ ಕಂಪನಿಯವರಿಗೂ ಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಐಡಲ್ ಜಾಸ್ತಿ ಇದ್ದು ಸ್ವಲ್ಪ ಹೊತ್ತು ಗಡಸು ಸದ್ದು ಬರುತ್ತದೆ ಅಲ್ವಾ? ಕ್ಯಾಟ್ ಕೆಲಸ ಶುರು ಮಾಡಲು ಸುಮಾರು 250ರಿಂದ 300 ಡಿಗ್ರಿ ಬಿಸಿ ಬೇಕು. ಅದನ್ನು ಬೇಗ ಕಾಯಿಸಲು ಇಸಿಯು ಸ್ಪಾರ್ಕ್ ತಡ ಮಾಡಿ ಬಿಸಿಯನ್ನು ಹೊರಗೆ ಕಳಿಸುತ್ತದೆ. ನಿಮ್ಮ "ಬ್ರಪ್" ಕೂಡ ಅಷ್ಟೇ. ಡಿಎಸ್‌ಜಿ ಒಂದು ಕ್ಲಚ್‌ನಿಂದ ಇನ್ನೊಂದಕ್ಕೆ ಹೋಗುವ ಆ ಕ್ಷಣಕ್ಕೆ ಟಾರ್ಕ್ ಇಳಿಸಲು ಸ್ಪಾರ್ಕ್ ತಡವಾಗುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತು, ಏನೂ ತೊಂದರೆ ಇಲ್ಲ.

ಪಾಪ್ ಮ್ಯಾಪಿನಲ್ಲಿ ಇದು ಪ್ರತಿ ಸಲ ಕಾಲು ತೆಗೆದಾಗಲೂ ಆಗುತ್ತದೆ. ಸ್ಟಾಕ್ ಕಾರಿನಲ್ಲಿ ಕಾಲು ತೆಗೆದಾಗ ತಣ್ಣನೆ ಗಾಳಿ ಹಾದು ಟರ್ಬೊಗೆ ಸ್ವಲ್ಪ ಉಸಿರಾಡಲು ಬಿಡುವು ಸಿಗುತ್ತದೆ. ಆ ಬಿಡುವು ಹೋಯಿತು. ಘಟ್ಟದಲ್ಲಿ ಇನ್ನೊಂದು ತೊಂದರೆ ಇದೆ. ಥ್ರಾಟಲ್ ಸ್ವಲ್ಪ ತೆರೆದೇ ಇರುವುದರಿಂದ ಎಂಜಿನ್ ಬ್ರೇಕಿಂಗ್ ಕಡಿಮೆಯಾಗುತ್ತದೆ. ಇಳಿಜಾರಿನಲ್ಲಿ ಆ ಭಾರ ನಿಮ್ಮ ಬ್ರೇಕ್ ಪ್ಯಾಡ್ ಮೇಲೆ ಬೀಳುತ್ತದೆ.

ನಾನು ಹೇಳುವುದು ಇಷ್ಟೇ: ಹಾಕಿಸಬೇಡಿ. ಇದರಿಂದ ಪವರ್ ಒಂದಿಷ್ಟೂ ಹೆಚ್ಚುವುದಿಲ್ಲ.

ಟ್ರ್ಯಾಕ್‌ಡೇ_ಮಗಾ

ಗುರುಗಳ ವಿವರಣೆ ಚೆನ್ನಾಗಿದೆ, ಆದರೆ ತೀರ್ಪು ನನಗೆ ಒಪ್ಪಿಗೆ ಇಲ್ಲ. ಬಿಎಂಡಬ್ಲ್ಯೂ ಎಂ340ಐ ಸ್ಪೋರ್ಟ್ ಪ್ಲಸ್‌ನಲ್ಲಿ ಶೋರೂಮ್‌ನಿಂದಲೇ ಗುಡುಗುತ್ತದೆ. ಮಿನಿ ಕೂಪರ್ ಎಸ್, ಎಎಂಜಿ ಎ45 ಎಲ್ಲವೂ ಹಾಗೇ. ಇವೆಲ್ಲ ಟರ್ಬೊ, ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳೇ. ಅವು ಕೆಟ್ಟು ಕೂತಿಲ್ಲವಲ್ಲ. 2016, 2017ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಿಕ್ಕಮಗಳೂರಿಗೆ ಬಂದಾಗ ಗೌರವ್ ಗಿಲ್ ಓಡಿಸಿದ ಸ್ಕೋಡಾ ಫಾಬಿಯಾ ಆರ್5 ನೆನಪಿದೆಯಾ? ಕಾಫಿ ತೋಟದ ತಿರುವಿನಲ್ಲಿ ಕಾರು ಕಾಣುವ ಮೊದಲೇ ಗುಂಡು ಹಾರಿಸಿದಂತೆ ಸದ್ದು ಬರುತ್ತಿತ್ತು. ಮೈ ಜುಮ್ ಅನ್ನುತ್ತದೆ. ಆ ಸದ್ದಿಗಾಗಿಯೇ ಕಾರು ಪ್ರೀತಿಸುವವರು ಇದ್ದಾರೆ. ಸಣ್ಣದಾಗಿ, ಸ್ಪೋರ್ಟ್ ಮೋಡ್‌ನಲ್ಲಿ ಮಾತ್ರ ಬರುವ ಹಾಗೆ ಹಾಕಿಸಿದರೆ ಏನು ತಪ್ಪು?

ಕ್ಯಾಲಿಬ್ರೇಶನ್_ಗುರು

ಸದ್ದು ನನಗೂ ಇಷ್ಟ, ಅದರಲ್ಲಿ ಜಗಳ ಇಲ್ಲ. ಆದರೆ ಕಂಪನಿ ಕಾರಿನ ಪಾಪ್ ಹೇಗೆ ಬರುತ್ತದೆ ಅಂತ ನೋಡಿ. ಟರ್ಬೈನ್ ಮುಂದಿನ ಗ್ಯಾಸ್ ಎಷ್ಟು ಬಿಸಿ, ಕ್ಯಾಟ್ ಒಳಗೆ ಎಷ್ಟು ಬಿಸಿ ಅಂತ ಇಸಿಯು ಪ್ರತಿ ಕ್ಷಣ ಲೆಕ್ಕ ಹಾಕುತ್ತಿರುತ್ತದೆ. ಮಿತಿ ಹತ್ತಿರ ಬಂದರೆ ಪಾಪ್ ತಾನಾಗಿ ನಿಲ್ಲುತ್ತದೆ. ಎಂಜಿನ್ ತಣ್ಣಗಿದ್ದರೆ ಶುರುವಾಗುವುದೇ ಇಲ್ಲ. ಆ ಮಿತಿಗಳನ್ನು ಗೊತ್ತುಮಾಡಲು ಡೈನೊ (ಎಂಜಿನ್ ಪರೀಕ್ಷಾ ಯಂತ್ರ) ಮೇಲೆ ಎಂಜಿನ್‌ಗಳನ್ನು ತಿಂಗಳುಗಟ್ಟಲೆ ಓಡಿಸುತ್ತಾರೆ, ಟರ್ಬೈನ್, ವಾಲ್ವ್, ಕ್ಯಾಟ್ ಎಲ್ಲ ಅದಕ್ಕೆ ತಕ್ಕಂತೆ ಆರಿಸಿರುತ್ತಾರೆ. 1.5 ಟಿಎಸ್‌ಐ ಕಾರಿನಲ್ಲಿ ಆ ಲೆಕ್ಕ ಪಾಪ್ ಇಲ್ಲ ಅಂದುಕೊಂಡೇ ಆಗಿದೆ. ಟ್ಯೂನರ್ ಎರಡು ಟೇಬಲ್ ಬದಲಾಯಿಸಿ, ಬಿಸಿಯ ಮಿತಿಯನ್ನು ಮೇಲಕ್ಕೆತ್ತಿದರೆ ಕಾಯುವವರೇ ಇಲ್ಲ. ನೀವು ಹಾಕಿಸುವುದೇ ಆದರೆ ಟ್ಯೂನರ್‌ಗೆ ಒಂದು ಪ್ರಶ್ನೆ ಕೇಳಿ: ಪಾಪ್ ಆಗುವಾಗ ಎಕ್ಸಾಸ್ಟ್ ಗ್ಯಾಸ್ ಟೆಂಪರೇಚರ್ ಎಷ್ಟು, ಅದರ ಲಾಗ್ (ದಾಖಲಾದ ಅಳತೆ) ತೋರಿಸಿ ಅಂತ. ಲಾಗ್ ಕೊಡದವರ ಕೈಗೆ ಕಾರು ಕೊಡಬಾರದು.

ರ‍್ಯಾಲಿ ಕಾರಿನದು ಆಂಟಿ ಲ್ಯಾಗ್. ಆರ್5 ನಿಯಮದಲ್ಲಿ ಎಂಜಿನ್ ಉಸಿರಾಡುವುದು ಗಾಳಿಗೆ ಮಿತಿ ಹಾಕುವ 32 ಮಿಲಿಮೀಟರ್ ರೆಸ್ಟ್ರಿಕ್ಟರ್ ಮೂಲಕ. ತಿರುವಿನಲ್ಲಿ ಕಾಲು ತೆಗೆದಾಗ ಟರ್ಬೊ ನಿಧಾನವಾದರೆ ಹೊರಬರುವಾಗ ಸಮಯ ಹೋಗುತ್ತದೆ. ಅದಕ್ಕೆ ಬೆಂಕಿಯನ್ನು ಟರ್ಬೈನ್ ಮುಂದೆ ಉರಿಸಿ ಅದನ್ನು ತಿರುಗಿಸುತ್ತಲೇ ಇಡುತ್ತಾರೆ. ಅಲ್ಲಿ ಸದ್ದು ಬರೀ ಜೊತೆಗೆ ಬಂದದ್ದು. ಟರ್ಬೊ ಹೋದರೆ ಬದಲಾಯಿಸಲು ಸರ್ವಿಸ್ ಪಾರ್ಕ್‌ನಲ್ಲಿ ಇಡೀ ತಂಡ ಕಾದಿರುತ್ತದೆ.

ಹುಬ್ಬಳ್ಳಿ_ಗ್ಯಾರೇಜ್

ನಾನು ಬಿಚ್ಚಿ ನೋಡಿದ್ದನ್ನು ಹೇಳುತ್ತೇನೆ. ಕ್ಯಾಟ್ ಉಳಿಸಿಕೊಂಡು ಪಾಪ್ ಮ್ಯಾಪ್ ಹಾಕಿಸಿದ್ದ ಒಂದು ಟರ್ಬೊ ಪೆಟ್ರೋಲ್ ಕಾರು ಬಂತು. "4000 ಆರ್‌ಪಿಎಂ ಮೇಲೆ ಎಳೆಯುವುದೇ ಇಲ್ಲ" ಅನ್ನುವುದು ದೂರು. ಚೆಕ್ ಎಂಜಿನ್ ಲೈಟ್, ಸ್ಕ್ಯಾನರ್‌ನಲ್ಲಿ ಪಿ0420, ಅಂದ್ರೆ ಕ್ಯಾಟ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಕೋಡ್. ಹಿಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿನಿಂದ ಕ್ಯಾಮೆರಾ ಬಿಟ್ಟೆ. ಕ್ಯಾಟ್ ಒಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತು ಇರಬೇಕು. ಇದರಲ್ಲಿ ಮಧ್ಯಭಾಗ ಕರಗಿ, ಗಾಜಿನ ಹಾಗೆ ಹೊಳೆಯುವ ಗಟ್ಟಿ ಉಂಡೆಯಾಗಿತ್ತು. ಅಂಚಿನಲ್ಲಿ ಮಾತ್ರ ನಾಲ್ಕು ಸಾಲು ತೂತು ಉಳಿದಿತ್ತು. ಆ ಸೆರಾಮಿಕ್ ಕರಗಲು 1400 ಡಿಗ್ರಿ ದಾಟಬೇಕು. ಉರಿಯದ ಪೆಟ್ರೋಲ್ ಬಂದು ಕ್ಯಾಟ್ ಒಳಗೇ ಹೊತ್ತಿಕೊಂಡರೆ ಅಷ್ಟು ಬಿಸಿ ಆಗುತ್ತದೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುವ ಭಾಗ ಅದು, ಬೆಲೆ ಕೇಳಿದರೆ ತಲೆ ತಿರುಗುತ್ತದೆ.

ಅದೇ ಕಾರಿನ ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಮಟ್ಟ ಮ್ಯಾಕ್ಸ್ ಗೆರೆಗಿಂತ ಮೇಲೆ. ಮೂಗಿಗೆ ಹಿಡಿದರೆ ಪೆಟ್ರೋಲ್ ವಾಸನೆ. ಪೂರ್ತಿ ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆ ತೊಳೆದು ಆಯಿಲ್‌ಗೆ ಸೇರುತ್ತದೆ. ತೆಳುವಾದ ಆಯಿಲ್‌ನಲ್ಲಿ ಟರ್ಬೊ ಬೇರಿಂಗ್ ಎಷ್ಟು ದಿನ ಬಾಳುತ್ತದೆ ನೀವೇ ಹೇಳಿ.

ಮಲೆನಾಡ್ ಅವರೇ, ನಿಮ್ಮ ಗೆಳೆಯನ ಕಾರಿನಲ್ಲಿ ಗೇಣುದ್ದ ಬೆಂಕಿ ಕಾಣುತ್ತಿದೆ ಅಂದ್ರೆ ಆ ಡೌನ್‌ಪೈಪ್‌ನಲ್ಲಿ ಕ್ಯಾಟ್ ಇಲ್ಲ ಅಂತಲೇ ನನ್ನ ಅಂದಾಜು. ಒಳ್ಳೆ ಕ್ಯಾಟ್ ಇದ್ದರೆ ಬೆಂಕಿ ಅಷ್ಟು ದೂರ ಬರುವುದು ಅಪರೂಪ. ಕ್ಯಾಟ್ ತೆಗೆದು, ಹಿಂದಿನ ಸೆನ್ಸರ್ ಸುಮ್ಮನಿರುವಂತೆ ಸಾಫ್ಟ್‌ವೇರ್‌ನಲ್ಲಿ ಆಫ್ ಮಾಡಿರುತ್ತಾರೆ.

ನನಗೆ ನಿಜವಾಗಿ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ನಮ್ಮ ಸಿಗ್ನಲ್‌ನಲ್ಲಿ ಕಾರಿನ ಹಿಂದೆ ಒಂದಡಿ ಜಾಗ ಇದ್ದರೆ ಅಲ್ಲಿ ಸ್ಕೂಟರ್ ನಿಂತಿರುತ್ತದೆ. ಅದರ ಮುಂದೆ ನಿಂತ ಮಗುವಿನ ಕಾಲು ಸೈಲೆನ್ಸರ್ ಎತ್ತರಕ್ಕೇ ಇರುತ್ತದೆ. ಕ್ಯಾಟ್ ಇಲ್ಲದ ಹೊಗೆ, ಮೇಲೆ ಬೆಂಕಿ, ಎರಡೂ ಅವರ ಪಾಲಿಗೆ. ಕಾರಿನ ಮೇಲೆ ನಿಮ್ಮ ಪ್ರೀತಿ ಎಷ್ಟೇ ಇರಲಿ, ಇದನ್ನು ಮಾಡಬೇಡಿ.

ಸ್ಟುಟ್‌ಗಾರ್ಟ್_ಕನ್ನಡಿಗ

ಇಲ್ಲಿ ಜರ್ಮನಿಯಲ್ಲಿ ಟ್ಯೂನಿಂಗ್ ಹುಚ್ಚು ಕಡಿಮೆಯೇನಲ್ಲ. ಆದರೆ ಒಪ್ಪಿಗೆ ಇಲ್ಲದ ಎಕ್ಸಾಸ್ಟ್ ಹಾಕಿ ಸದ್ದು, ಹೊಗೆ ಹೆಚ್ಚಿಸಿದರೆ ಗಾಡಿಯ ರಸ್ತೆ ಪರವಾನಗಿಯೇ ಬಿದ್ದುಹೋಗುತ್ತದೆ. ಬೇಕಾದ ಮಾಡಿಫಿಕೇಶನ್ ಮಾಡಿಸಿ, ಪರೀಕ್ಷೆ ಮಾಡಿಸಿ, ದಾಖಲೆಗೆ ಸೇರಿಸಿಕೊಂಡು ಓಡಿಸುತ್ತಾರೆ. ನಮ್ಮಲ್ಲಿ ಆ ದಾರಿ ಸರಿಯಾಗಿ ಇಲ್ಲದಿರುವುದು ಬೇಸರದ ವಿಷಯ.

ಊರಲ್ಲೂ ಕಾನೂನು ಇದೆ ಅನ್ನುವುದು ಮರೆಯಬೇಡಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಶಬ್ದ, ಹೊಗೆ ಮಿತಿ ಮೀರಿದರೆ 190(2)ನೇ ಸೆಕ್ಷನ್‌ನಲ್ಲಿ ಮೊದಲ ಸಲವೇ 10,000 ರೂಪಾಯಿ ತನಕ ದಂಡ, ಮೂರು ತಿಂಗಳ ತನಕ ಜೈಲು, ಅಥವಾ ಎರಡೂ ಆಗಬಹುದು. ಜೊತೆಗೆ ಮೂರು ತಿಂಗಳು ಲೈಸೆನ್ಸ್ ಹೋಗುತ್ತದೆ. ಅನುಮತಿ ಇಲ್ಲದೆ ಗಾಡಿ ಬದಲಾಯಿಸಿದ್ದಕ್ಕೆ 182ಎ ಅಡಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬೇರೆ.

ಮಲೆನಾಡ್_ಟಿಎಸ್‌ಐ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಾಪ್ ಮ್ಯಾಪ್ ಬೇಡ ಅಂತ ನಿರ್ಧಾರ ಮಾಡಿದೆ. ಈ ಥ್ರೆಡ್ಡನ್ನು ಗೆಳೆಯನಿಗೂ ಕಳಿಸಿದ್ದೇನೆ. ಬರೀ ಸ್ಟೇಜ್ 1 ಪವರ್ ಮ್ಯಾಪ್ ಬಗ್ಗೆ ಏನಂತೀರಿ? ಮತ್ತೆ ನನ್ನ ಬೆಳಗಿನ "ಟಪ್" ಬಗ್ಗೆ ಯಾರೂ ಹೇಳಲಿಲ್ಲ.

ಕ್ಯಾಲಿಬ್ರೇಶನ್_ಗುರು

ವಾರಂಟಿ ಮುಗಿಯುವ ತನಕ ಸ್ಟೇಜ್ 1 ಕೂಡ ಬೇಡ. ಡೀಲರ್ ಸ್ಕ್ಯಾನರ್ ಹಾಕಿದಾಗ ಸಾಫ್ಟ್‌ವೇರ್ ಬದಲಾಗಿದ್ದು ಗೊತ್ತಾದರೆ ನಿಮ್ಮ ಕಾರಿನ ದಾಖಲೆಗೆ ಟಿಡಿ1 (ಸಾಫ್ಟ್‌ವೇರ್ ಬದಲಾಗಿದೆ ಅನ್ನುವ ಕಂಪನಿಯ ಸಂಕೇತ) ಅಂತ ಗುರುತು ಬೀಳುತ್ತದೆ. ಆಮೇಲೆ ಎಂಜಿನ್, ಗೇರ್‌ಬಾಕ್ಸ್ ಕ್ಲೇಮ್‌ಗೆ ಒದ್ದಾಡಬೇಕು. ಮೇಲಾಗಿ ನಿಮ್ಮದು ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ. ಅದರ ಟಾರ್ಕ್ ಮಿತಿ ಸುಮಾರು 250 ಎನ್‌ಎಂ, ನಿಮ್ಮ ಎಂಜಿನ್ ಸ್ಟಾಕ್‌ನಲ್ಲೇ ಅಷ್ಟು ಕೊಡುತ್ತಿದೆ.

ಹುಬ್ಬಳ್ಳಿ_ಗ್ಯಾರೇಜ್

"ಟಪ್" ವಿಷಯ ನಾನು ಹೇಳುತ್ತೇನೆ. ಸ್ಟಾಕ್ ಡೈರೆಕ್ಟ್ ಇಂಜೆಕ್ಷನ್ ಕಾರು ಹೊಸದಾಗಿ ಟಪ್ ಅನ್ನಲು ಶುರು ಮಾಡಿದರೆ ಅದನ್ನು ಹಗುರವಾಗಿ ತಗೋಬೇಡಿ. ಸಾಮಾನ್ಯವಾಗಿ ಒಂದು ಸಿಲಿಂಡರ್ ಮಿಸ್‌ಫೈರ್ ಆಗಿ (ಒಳಗೆ ಸರಿಯಾಗಿ ಹೊತ್ತದೆ), ಆ ಪೆಟ್ರೋಲ್ ಎಕ್ಸಾಸ್ಟ್‌ನಲ್ಲಿ ಹೊತ್ತಿಕೊಂಡಿರುತ್ತದೆ. ಮೊದಲ ಅನುಮಾನ ಸ್ಪಾರ್ಕ್ ಪ್ಲಗ್, ಆಮೇಲೆ ಅದಕ್ಕೆ ಕರೆಂಟ್ ಕೊಡುವ ಕಾಯಿಲ್. ಸ್ಟಾರ್ಟ್ ಆಗಲು ಜಾಸ್ತಿ ಹೊತ್ತು ಹಿಡಿಯುತ್ತಿದ್ದರೆ, ಮೊದಲ ಹೊಗೆಯಲ್ಲಿ ಪೆಟ್ರೋಲ್ ವಾಸನೆ ಇದ್ದರೆ ರಾತ್ರಿಯಿಡೀ ಇಂಜೆಕ್ಟರ್ ತೊಟ್ಟಿಕ್ಕಿರಬಹುದು. ಎಕ್ಸಾಸ್ಟ್ ಜಾಯಿಂಟ್ ಲೀಕ್ ಇದ್ದು ಹೊರಗಿನ ಗಾಳಿ ಎಳೆದುಕೊಂಡರೂ ಇಂಥ ಸದ್ದು ಬರುತ್ತದೆ. ಜಾಯಿಂಟ್ ಸುತ್ತ ಕರಿ ಮಸಿ ಗುರುತು ಇದೆಯಾ ನೋಡಿ.

ವಾರಂಟಿ ಇದೆಯಲ್ಲ, ಹಿಂದಿನ ರಾತ್ರಿಯೇ ಕಾರನ್ನು ಸರ್ವಿಸ್ ಸೆಂಟರ್‌ನಲ್ಲಿ ಬಿಟ್ಟು ಬನ್ನಿ. ಬಿಸಿ ಎಂಜಿನ್ ತಗೊಂಡು ಹೋದರೆ ಸದ್ದು ಬರುವುದೇ ಇಲ್ಲ, "ಎಲ್ಲ ಸರಿ ಇದೆ" ಅಂತ ವಾಪಸ್ ಕಳಿಸುತ್ತಾರೆ. ಬೆಳಿಗ್ಗೆ ನೀವು ಪಕ್ಕದಲ್ಲಿ ನಿಂತು, ಸ್ಕ್ಯಾನರ್ ಹಾಕಿಸಿಯೇ ಸ್ಟಾರ್ಟ್ ಮಾಡಿಸಿ. ಪ್ರತಿ ಸಿಲಿಂಡರ್‌ನ ಮಿಸ್‌ಫೈರ್ ಕೌಂಟರ್ ತೆಗೆಸಿ ಫೋಟೊ ಇಲ್ಲಿ ಹಾಕಿ. ಯಾವ ಸಿಲಿಂಡರ್ ಅಂತ ಗೊತ್ತಾದರೆ ಅದರ ಕಾಯಿಲ್ ಪಕ್ಕದ್ದಕ್ಕೆ ಬದಲಾಯಿಸಿ ನೋಡಲು ಹೇಳಿ. ಮಿಸ್‌ಫೈರ್ ಕಾಯಿಲ್ ಜೊತೆ ಪಕ್ಕಕ್ಕೆ ಹೋದರೆ ಕಾಯಿಲ್‌ದೇ ತಪ್ಪು.