ಬಾಯ್ಲರ್ ಪಕ್ಕದ ವೈರುಗಳಿಗೆ ಯಾವ ಲೇಬಲ್ ನಿಲ್ಲುತ್ತದೆ? ಒಂದೇ ಹಂಗಾಮಿಗೆ ಎಲ್ಲ ಉದುರಿದವು

ಬಾಯ್ಲರ್‌ಪಕ್ಕ

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಹನ್ನೊಂದು ಹಂಗಾಮು ಆಯಿತು. ಈಗ ಗಿರಣಿ ನಿಂತಿದೆ, ಓವರ್‌ಹಾಲಿಂಗ್ ನಡೆದಿದೆ. ಮತ್ತೆ ಕಬ್ಬು ಬರುವುದರೊಳಗೆ ಬಾಯ್ಲರ್ ಕಡೆಯ ಕಂಟ್ರೋಲ್ ವೈರುಗಳಿಗೆಲ್ಲ ಹೊಸದಾಗಿ ನಂಬರ್ ಹಾಕಬೇಕು.

ಯಾಕೆ ಇಷ್ಟು ತಲೆ ಕೆಡಿಸಿಕೊಂಡಿದ್ದೇನೆ ಅಂದರೆ, ಹೋದ ಜನವರಿಯಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಬಾಯ್ಲರಿಗೆ ಗಾಳಿ ಊದುವ ಎಫ್‌ಡಿ ಫ್ಯಾನ್ ಬೇರಿಂಗಿನ ಟೆಂಪರೇಚರ್ ಸಿಗ್ನಲ್ ಬರುತ್ತಿರಲಿಲ್ಲ. ಜಂಕ್ಷನ್ ಬಾಕ್ಸ್ ತೆಗೆದೆ. ಲೇಬಲ್‌ಗಳೆಲ್ಲ ತರಗೆಲೆ ಹಾಗೆ ಬಾಕ್ಸಿನ ತಳದಲ್ಲಿ ಬಿದ್ದಿದ್ದವು. ಡ್ರಾಯಿಂಗ್ ನೋಡಿ, ಎಡಗಡೆಯಿಂದ ಎಣಿಸಿ ಒಂದು ಕೋರ್ (ಕೇಬಲ್ ಒಳಗಿನ ಒಂಟಿ ವೈರು) ಬಿಚ್ಚಿದೆ. ಅದು ಹೊಗೆ ಹೊರಗೆಳೆಯುವ ಐಡಿ ಫ್ಯಾನ್‌ನ ಇಂಟರ್‌ಲಾಕ್ ಆಗಿತ್ತು, ಅಂದರೆ ಒಂದು ನಿಂತರೆ ಉಳಿದವನ್ನೂ ನಿಲ್ಲಿಸುವ ಸುರಕ್ಷತೆಯ ವೈರು. ಐಡಿ ಟ್ರಿಪ್ ಆಯಿತು, ಅದರ ಹಿಂದೆಯೇ ಎಫ್‌ಡಿ, ಬಗಾಸ್ (ಕಬ್ಬಿನ ಸಿಪ್ಪೆ) ಫೀಡರ್ ಎಲ್ಲ ನಿಂತವು. ಸ್ಟೀಮ್ ಪ್ರೆಶರ್ ಇಳಿದು ಗಿರಣಿ ನಿಂತಿತು. ಮತ್ತೆ ಶುರು ಮಾಡಲು ಎರಡು ಗಂಟೆ ಹಿಡಿಯಿತು. ಗೇಟಿನ ಹೊರಗೆ ಕಬ್ಬಿನ ಟ್ರ್ಯಾಕ್ಟರ್ ಸಾಲು, ಆ ಚಳಿಯಲ್ಲಿ ರೈತರು ಕಂಬಳಿ ಹೊದ್ದು ಕೂತಿದ್ದರು. ಅದು ಇನ್ನೂ ಕಣ್ಣ ಮುಂದೆ ಇದೆ.

ಇಲ್ಲಿಯವರೆಗೆ ಮಾಡಿ ನೋಡಿದ್ದು ಹೇಳುತ್ತೇನೆ. ಮೊದಲು ಕಾಗದದ ಸ್ಟಿಕರ್, ಮೇಲೆ ಸೆಲ್ಲೋಟೇಪ್. ಮಳೆಗಾಲದಲ್ಲೇ ಹೋಯಿತು. ಆಮೇಲೆ ಸ್ಟೋರ್ಸ್‌ನಲ್ಲಿ ಬಾರ್‌ಕೋಡ್ ತೆಗೆಯುವ ಮಷೀನಿನಲ್ಲೇ ಪ್ರಿಂಟ್ ಹಾಕಿ ಅಂಟಿಸಿದೆವು. ಏರ್ ಹೀಟರ್ ಹತ್ತಿರದವು ಒಂದು ತಿಂಗಳಲ್ಲಿ ಪೂರ್ತಿ ಕಪ್ಪಾದವು, ಅಕ್ಷರವೇ ಕಾಣುತ್ತಿರಲಿಲ್ಲ. ಮೂರನೇ ಸಲ ದುಡ್ಡು ಜಾಸ್ತಿ ಕೊಟ್ಟು ಪಾಲಿಯೆಸ್ಟರ್ ತರಿಸಿದೆವು. ಪ್ರಿಂಟ್ ಚೆನ್ನಾಗಿಯೇ ಉಳಿಯಿತು. ಆದರೆ ಸುತ್ತಿದ್ದೆಲ್ಲ ತಾನೇ ಬಿಚ್ಚಿಕೊಂಡು ಉದುರಿತು. ಜನವರಿಯಲ್ಲಿ ತಳದಲ್ಲಿ ಬಿದ್ದಿದ್ದು ಇವೇ.

ವೈರು ಒಂದೂವರೆ ಸ್ಕ್ವೇರ್ (1.5 ಚದರ ಮಿ.ಮೀ.) ಪಿವಿಸಿ, ಸುಮಾರು 600 ತುದಿ. ಹೊರಗೆ 12 ಕೋರ್ ಆರ್ಮರ್ಡ್ ಕೇಬಲ್, ದಪ್ಪ 20 ಮಿ.ಮೀ. ಆಸುಪಾಸು. ಫರ್ನೆಸ್ ಹತ್ತಿರ ಫೈಬರ್‌ಗ್ಲಾಸ್ ಹೆಣಿಗೆಯ, ಬಿಸಿ ಅಳೆಯುವ ಥರ್ಮೊಕಪಲ್ ಕೇಬಲ್ ಹತ್ತು ಹನ್ನೆರಡು. ಗಿರಣಿ ಓಡುವಾಗ ಬಾಕ್ಸಿನ ಮೈ 62 ಡಿಗ್ರಿ ತೋರಿಸಿತ್ತು. ಬಗಾಸ್ ಧೂಳು, ಹಬೆ, ತೊಳೆಯುವ ನೀರು ಎಲ್ಲ ಇದೆ. ವೈರಿನ ತುದಿಗೆ ಲೋಹದ ಲಗ್ ಆಗಲೇ ಹೊಡೆದಾಗಿದೆ, 600 ಲಗ್ ಕತ್ತರಿಸಿ ಫೆರೂಲ್ (ವೈರಿಗೆ ತೂರಿಸುವ ನಂಬರ್ ಉಂಗುರ) ಹಾಕುವಷ್ಟು ಸಮಯ ಇಲ್ಲ. ವಿನೈಲ್ ತರಲೇ, ನೈಲಾನ್ ಬಟ್ಟೆಯದು ತರಲೇ, ಇನ್ನೂ ದುಬಾರಿ ಪಾಲಿಯೆಸ್ಟರ್ ತರಲೇ? ಬಲ್ಲವರು ಹೇಳಿ.

ಪೀಣ್ಯ ವೈರ್‌ಮನ್

ಅಣ್ಣ, ನಿಮ್ಮ ಪಾಲಿಯೆಸ್ಟರ್ ಕೆಟ್ಟ ಮಾಲು ಅಲ್ಲ. ಅದನ್ನು ಹಾಕಿದ ಜಾಗ ತಪ್ಪು. ನಾನು ಪೀಣ್ಯದಲ್ಲಿ 24 ವರ್ಷದಿಂದ ಪ್ಯಾನೆಲ್ ವೈರಿಂಗ್ ಮಾಡುತ್ತಿದ್ದೇನೆ, ಈ ತಪ್ಪನ್ನು ನಾನೂ ಮಾಡಿ ಒಂದು ಪ್ಯಾನೆಲ್ ವಾಪಸ್ ತೆಗೆದುಕೊಂಡಿದ್ದೇನೆ.

ಪಾಲಿಯೆಸ್ಟರ್ ಫಿಲ್ಮ್ ಬಿರುಸು. ಬಿಸಿ ತಡೆಯುತ್ತದೆ, ಎಣ್ಣೆ ತಡೆಯುತ್ತದೆ, ಹರಿಯುವುದಿಲ್ಲ. ಪ್ಯಾನೆಲ್ ಬಾಗಿಲಿಗೆ, ಮೋಟಾರ್ ನೇಮ್‌ಪ್ಲೇಟಿಗೆ ಅದಕ್ಕಿಂತ ಒಳ್ಳೆಯದು ಬೇಡ. ಆದರೆ ಒಂದೂವರೆ ಸ್ಕ್ವೇರ್ ವೈರು ಅಂದರೆ 3 ಮಿ.ಮೀ. ದಪ್ಪ. ಅಷ್ಟು ಚಿಕ್ಕ ಸುತ್ತಿಗೆ ಬಗ್ಗಿಸಿದರೆ ಫಿಲ್ಮ್ ಹಗಲೂ ರಾತ್ರಿ ನೆಟ್ಟಗಾಗಲು ನೋಡುತ್ತಿರುತ್ತದೆ. ಅಂಟು ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಬಿಸಿ ಏರಿದಾಗ ಅಂಟು ಮೆತ್ತಗಾಗುತ್ತದೆ, ಫಿಲ್ಮ್ ಗೆಲ್ಲುತ್ತದೆ. ಮೊದಲು ಅಂಚು ಏಳುತ್ತದೆ, ಅದರಡಿ ಧೂಳು ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಇನ್ನೂ ದುಬಾರಿಯದು ತಂದರೆ ಇನ್ನೂ ಬಿರುಸಾಗಿರಬಹುದು, ಅಷ್ಟೇ.

ನಿಮಗೆ ಬೇಕಾದದ್ದು ಸೆಲ್ಫ್ ಲ್ಯಾಮಿನೇಟಿಂಗ್ ವಿನೈಲ್. ಒಂದು ತುದಿಯಲ್ಲಿ ಬಿಳಿ ಭಾಗ, ಅಲ್ಲಿ ನಂಬರ್ ಪ್ರಿಂಟ್ ಆಗುತ್ತದೆ. ಉಳಿದದ್ದು ಪಾರದರ್ಶಕ ಬಾಲ. ಬಿಳಿಯನ್ನು ಮೊದಲು ಅಂಟಿಸಿ, ಬಾಲವನ್ನು ಅದರ ಮೇಲೆ ಸುತ್ತಬೇಕು. ಎರಡು ಲಾಭ. ಪ್ರಿಂಟ್ ಒಳಗೆ ಮುಚ್ಚಿಕೊಳ್ಳುತ್ತದೆ, ನೀರು ಎಣ್ಣೆ ತಾಗುವುದಿಲ್ಲ. ಎರಡನೆಯದು ದೊಡ್ಡದು: ಬಾಲ ಅಂಟುವುದು ವೈರಿಗಲ್ಲ, ಲೇಬಲ್‌ಗೇ. ವೈರಿನ ಪಿವಿಸಿಯನ್ನು ಮೆತ್ತಗಿಡಲು ಪ್ಲಾಸ್ಟಿಸೈಸರ್ ಅನ್ನುವ ಎಣ್ಣೆಯಂಥದು ಬೆರೆಸಿರುತ್ತಾರೆ. ಅದು ಬಿಸಿಗೆ ನಿಧಾನ ಹೊರಗೆ ಬಂದು ಅಂಟಿನೊಳಗೆ ಸೇರುತ್ತದೆ, ಅಂಟು ಲೋಳೆಯಾಗುತ್ತದೆ. ಹಳೇ ಲೇಬಲ್ ಕಿತ್ತಾಗ ಬೆರಳಿಗೆ ಜಿಗಟು ಹತ್ತುತ್ತದಲ್ವಾ, ಅದೇ. ಹಾಗಾದರೂ ಬಾಲ ತನ್ನ ಮೇಲೇ ಅಂಟಿಕೊಂಡಿದ್ದರೆ ಲೇಬಲ್ ಬಳೆ ಹಾಗೆ ವೈರಿನ ಮೇಲೆ ಉಳಿಯುತ್ತದೆ, ಉದುರುವುದಿಲ್ಲ.

ಅಳತೆ ತಪ್ಪಬೇಡಿ. 3 ಮಿ.ಮೀ. ವೈರಿನ ಸುತ್ತಳತೆ 9.4 ಮಿ.ಮೀ. ಬಿಳಿ ಭಾಗ ಅದಕ್ಕಿಂತ ಉದ್ದ ಇದ್ದರೆ ಬಿಳಿಯೇ ಬಿಳಿಯ ಮೇಲೆ ಬಂದು ನಂಬರ್ ಮುಚ್ಚುತ್ತದೆ. ಬಿಳಿ 9 ಇಟ್ಟುಕೊಳ್ಳಿ. ಅದರ ಮೇಲೆ ಬಾಲ ಪೂರ್ತಿ ಒಂದು ಸುತ್ತು ಬಂದು ಇನ್ನಷ್ಟು ಹೆಚ್ಚಿರಬೇಕು. ಒಟ್ಟು 25 ಮಿ.ಮೀ. ಉದ್ದದ್ದು ಸರಿಹೋಗುತ್ತದೆ.

ಇದೇ ಲೆಕ್ಕ ನಿಮ್ಮ 20 ಮಿ.ಮೀ. ಆರ್ಮರ್ಡ್ ಕೇಬಲ್‌ಗೆ ಹಾಕಿ. ಸುತ್ತಳತೆ 63, ಎರಡು ಸುತ್ತಿಗೆ 126 ಮಿ.ಮೀ. ಸುಮ್ನೆ ದುಡ್ಡು ದಂಡ. ಅಲ್ಲಿ ಸ್ಟಿಕರ್ ಬಿಡಿ, ಕೇಬಲ್ ಬಾಕ್ಸಿನೊಳಗೆ ಹೋಗುವ ಗ್ಲ್ಯಾಂಡ್ ಹತ್ತಿರ ಎರಡು ಕೇಬಲ್ ಟೈ ಹಾಕಿ ಟ್ಯಾಗ್ ಕಟ್ಟಿ.

ಬಿಸಿ ವಿಷಯ. ನಿಮ್ಮ ಪಿವಿಸಿ ವೈರು ಸಾಮಾನ್ಯದ್ದಾದರೆ ಅದರದೇ ಮಿತಿ 70 ಡಿಗ್ರಿ. ಈ ಥರದ ವಿನೈಲ್ ಲೇಬಲ್ ಸಾಮಾನ್ಯವಾಗಿ 80ರ ಆಸುಪಾಸಿಗೆ ಇರುತ್ತದೆ, ಡೇಟಾಶೀಟ್ ಕೇಳಿ ನೋಡಿಕೊಳ್ಳಿ. ವೈರೇ ತಡೆಯದ ಬಿಸಿಗೆ ಲೇಬಲ್ ಹುಡುಕಿ ಪ್ರಯೋಜನ ಇಲ್ಲ. ಬಾಕ್ಸಿನ ಹೊರಮೈ 62 ಅಂದರೆ ಒಳಗೆ ಎಷ್ಟಿದೆ ಅಂತ ಒಮ್ಮೆ ಅಳೆಯಿರಿ. ನನಗೆ ಲೇಬಲ್‌ಗಿಂತ ನಿಮ್ಮ ವೈರಿನ ಚಿಂತೆ ಜಾಸ್ತಿ ಆಗುತ್ತಿದೆ.

ಹುಬ್ಬಳ್ಳಿ ಮಷೀನ್

ನಾವು ನೈಲಾನ್ ಬಟ್ಟೆಯ ಲೇಬಲ್ ಹಾಕುತ್ತೇವೆ. ಮೆತ್ತಗೆ ಬಾಗುತ್ತದೆ, ಅಂಚು ಏಳುವುದೇ ಇಲ್ಲ. ನಾಲ್ಕು ವರ್ಷ ಆಯಿತು, ಹಾಗೇ ಇವೆ. ಅದನ್ನೇ ತನ್ನಿ ಸರ್.

ಪೀಣ್ಯ ವೈರ್‌ಮನ್

ನಿಮ್ಮದು ಬಾಗಿಲು ಮುಚ್ಚಿದ, ಒಣಗಿದ ಪ್ಯಾನೆಲ್ ಅಂದುಕೊಳ್ಳುತ್ತೇನೆ. ಅಲ್ಲಿ ನೈಲಾನ್ ಬಹಳ ಒಳ್ಳೆಯದು, ನಾನೂ ಹಾಕುತ್ತೇನೆ. ಆದರೆ ಅದು ಬಟ್ಟೆ, ನೀರು ಕುಡಿಯುತ್ತದೆ. ಸಕ್ಕರೆ ಕಾರ್ಖಾನೆಯ ಹಬೆಯಲ್ಲಿ, ಕಾಕಂಬಿ ಹತ್ತಿದ ಕೈಯಲ್ಲಿ ಎರಡು ತಿಂಗಳಿಗೆ ಕಂದು ಬಣ್ಣಕ್ಕೆ ತಿರುಗುತ್ತದೆ. ಇವರಿಗೆ ಬೇಡ.

ರಿಬ್ಬನ್ ರೋಲ್

ಬೆಂಗಳೂರಿನ ಎಸ್‌ಪಿ ರೋಡ್ ಹತ್ತಿರ ಲೇಬಲ್, ರಿಬ್ಬನ್ ಮಾರುತ್ತೇನೆ. ಗಿರಾಕಿಗಳು ಲೇಬಲ್ ಬಗ್ಗೆ ಅರ್ಧ ಗಂಟೆ ಕೇಳುತ್ತಾರೆ, ರಿಬ್ಬನ್ ಬಗ್ಗೆ ಕೇಳುವುದೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಸ್ಟೋರ್ಸ್ ಮಷೀನಿನ ಲೇಬಲ್ ಕಪ್ಪಾದದ್ದು ಯಾಕೆ ಗೊತ್ತೇ? ಅದು ಡೈರೆಕ್ಟ್ ಥರ್ಮಲ್. ಅದರಲ್ಲಿ ಶಾಯಿಯೇ ಇಲ್ಲ. ಬಿಸಿ ತಾಗಿದಲ್ಲಿ ಕಪ್ಪಾಗುವುದೇ ಆ ಕಾಗದದ ಗುಣ. ಬಾಯ್ಲರ್ ಪಕ್ಕ ಇಟ್ಟರೆ ಬಾಯ್ಲರೇ ಪ್ರಿಂಟ್ ಹಾಕುತ್ತದೆ. ವೈರಿಗೆ ಥರ್ಮಲ್ ಟ್ರಾನ್ಸ್‌ಫರ್ ಬೇಕು, ಅಂದರೆ ರಿಬ್ಬನ್ ಇರುವ ಪ್ರಿಂಟರ್. ರಿಬ್ಬನ್‌ನಲ್ಲಿ ವ್ಯಾಕ್ಸ್, ವ್ಯಾಕ್ಸ್ ರೆಸಿನ್, ರೆಸಿನ್ ಅಂತ ಮೂರು ಬಗೆ. ವ್ಯಾಕ್ಸ್ ಅಗ್ಗ, ಆದರೆ ಕಾಗದಕ್ಕೆ ಮಾತ್ರ. ವಿನೈಲ್ ಮೇಲೆ ಉಗುರಿನಿಂದ ಗೀರಿದರೆ ಎದ್ದು ಬರುತ್ತದೆ. ರೆಸಿನ್ ಕೇಳಿ ತೆಗೆದುಕೊಳ್ಳಿ. ಅದಕ್ಕೆ ಪ್ರಿಂಟರಿನ ಬಿಸಿ ಹೆಚ್ಚಿಸಬೇಕು, ವೇಗ ಕಡಿಮೆ ಮಾಡಬೇಕು. ಇಲ್ಲದಿದ್ದರೆ ಒಳ್ಳೆಯ ರಿಬ್ಬನ್ನೂ ಮಸುಕಾಗಿ ಬೀಳುತ್ತದೆ.

ಅಂಟಿನ ಬಗ್ಗೆ ಒಂದು ಮಾತು. ರಬ್ಬರ್ ಅಂಟು ಇಟ್ಟ ತಕ್ಷಣ ಗಟ್ಟಿ ಹಿಡಿಯುತ್ತದೆ, ಬಿಸಿಗೆ ಬಿಡುತ್ತದೆ. ಅಕ್ರಿಲಿಕ್ ನಿಧಾನ, ಪೂರ್ತಿ ಹಿಡಿತ ಬರಲು 24ರಿಂದ 72 ಗಂಟೆ ಬೇಕು. ಆಮೇಲೆ ಸುಲಭಕ್ಕೆ ಬಿಡುವುದಿಲ್ಲ. ನಿಮಗೆ ಅಕ್ರಿಲಿಕ್. ಅಂಟಿಸಿದ ದಿನವೇ ಎಳೆದು ನೋಡಿ ಬೈಯಬೇಡಿ.

ಪಾವಗಡ ಬಿಸಿಲು

ಪಾವಗಡದ ಸೋಲಾರ್ ಪಾರ್ಕಿನಲ್ಲಿ ಡಿಸಿ ಕೇಬಲ್ ನೋಡಿಕೊಳ್ಳುತ್ತೇನೆ. ನಮ್ಮ ಶತ್ರು ಬಿಸಿಲು, ನಿಮ್ಮದು ಹಬೆ. ಆದರೂ ಎರಡು ಮಾತು ಹೇಳುತ್ತೇನೆ.

ಪೀಣ್ಯದ ಸರ್ ಹೇಳಿದ ಟ್ಯಾಗ್ ಕಟ್ಟುವಾಗ ಬಿಳಿ ಟೈ ಹಾಕಬೇಡಿ. ನಮ್ಮಲ್ಲಿ ಒಂದು ಬೇಸಿಗೆಗೆ ಬಿರುಸಾಗಿ ಮುರಿದು ಟ್ಯಾಗ್ ಸಮೇತ ಬಿದ್ದವು. ಹೊರಗಡೆಗೆ ಬಿಸಿಲು ತಡೆಯುವ ಕಪ್ಪು ಟೈ ಬೇಕು. ಫರ್ನೆಸ್ ಪಕ್ಕ ಅದೂ ಬೇಡ, ಸ್ಟೇನ್‌ಲೆಸ್ ಸ್ಟೀಲ್ ಟೈ, ಅಕ್ಷರ ಒತ್ತಿದ ಸ್ಟೀಲ್ ಟ್ಯಾಗ್.

ನಿಮ್ಮ ಫೈಬರ್‌ಗ್ಲಾಸ್ ಕೇಬಲ್‌ಗೂ ಇದೇ. ಅದು ಹೆಣಿಗೆ, ಅಂಟಿಗೆ ಹಿಡಿಯಲು ನುಣುಪಾದ ಮೈ ಇಲ್ಲ. 260 ಡಿಗ್ರಿ ತಡೆಯುವ ಪಾಲಿಇಮೈಡ್ ಲೇಬಲ್ ಅಂತ ಯಾರಾದರೂ ಮಾರಲು ಬಂದರೆ ತೆಗೆದುಕೊಳ್ಳಬೇಡಿ. ಫಿಲ್ಮ್ ತಡೆಯುತ್ತದೆ, ಆದರೆ ಹೆಣಿಗೆಯ ಮೇಲೆ ನಿಲ್ಲುವುದಿಲ್ಲ. ಸಿಲಿಕೋನ್, ಟೆಫ್ಲಾನ್ ಕೇಬಲ್ ಇದ್ದರೂ ಹಾಗೇ. ಅವುಗಳ ಮೈಗೆ ಸಾಮಾನ್ಯ ಅಂಟು ಸರಿಯಾಗಿ ಹತ್ತುವುದಿಲ್ಲ.

ಬಾಯ್ಲರ್‌ಪಕ್ಕ

ಎಲ್ಲರಿಗೂ ಮನಸಾರೆ ಧನ್ಯವಾದ. ಮೂರು ವಾರ ಆದಮೇಲೆ ಬರೆಯುತ್ತಿದ್ದೇನೆ, ಯಾಕೆಂದರೆ ಮಾಡಿ ನೋಡಿಯೇ ಹೇಳೋಣ ಅನ್ನಿಸಿತು.

ಗಿರಣಿ ನಿಂತಿರುವುದರಿಂದ ಬಿಸಿ ಎಲ್ಲಿಂದ ತರುವುದು? ವೆಲ್ಡಿಂಗ್ ರಾಡ್ ಒಣಗಿಸುವ ಹಳೇ ಓವನ್ ಒಂದು ಖಾಲಿ ಇತ್ತು. ಸ್ಟೋರ್ಸ್‌ನಿಂದ ಅದೇ ಒಂದೂವರೆ ಸ್ಕ್ವೇರ್ ವೈರಿನ ತುಂಡು ತಂದು ಹಳೇ ಪಾಲಿಯೆಸ್ಟರ್, ಸೆಲ್ಫ್ ಲ್ಯಾಮಿನೇಟಿಂಗ್ ವಿನೈಲ್, ನೈಲಾನ್ ಮೂರನ್ನೂ ಹತ್ತತ್ತು ಸುತ್ತಿದೆ. ಮೂರು ದಿನ ಹಾಗೇ ಬಿಟ್ಟು, ಆಮೇಲೆ 70 ಡಿಗ್ರಿಯಲ್ಲಿ ಏಳು ದಿನ ಇಟ್ಟೆ. ದಿನಕ್ಕೊಮ್ಮೆ ತೆಗೆದು ಒದ್ದೆ ಗೋಣಿಚೀಲದಲ್ಲಿ ಒಂದು ಗಂಟೆ ಸುತ್ತಿಡುತ್ತಿದ್ದೆ.

ಪಾಲಿಯೆಸ್ಟರ್ ಎರಡನೇ ದಿನವೇ ಅಂಚು ಎತ್ತಿತು, ಏಳನೇ ದಿನಕ್ಕೆ ಹತ್ತರಲ್ಲಿ ಎಂಟು ಬಿಚ್ಚಿಕೊಂಡಿದ್ದವು. ನೈಲಾನ್ ಒಂದೂ ಬಿಡಲಿಲ್ಲ, ಹುಬ್ಬಳ್ಳಿಯವರು ಹೇಳಿದ್ದು ನಿಜ. ಆದರೆ ಕಾಕಂಬಿ ನೀರು ಹಚ್ಚಿ ಒರೆಸಿದರೆ ಕಲೆ ಹೋಗಲಿಲ್ಲ, 3 ಮತ್ತು 8 ಒಂದೇ ಥರ ಕಾಣುತ್ತಿದ್ದವು. ವಿನೈಲ್‌ನಲ್ಲಿ ಒಂಬತ್ತು ಚೆನ್ನಾಗಿವೆ. ಡೀಸೆಲ್ ಬಟ್ಟೆಯಲ್ಲಿ ಉಜ್ಜಿದರೂ ನಂಬರ್ ಅಲುಗಲಿಲ್ಲ. ಹತ್ತನೆಯದು ಜಾರಿತು. ಅದೊಂದನ್ನು ವೈರು ಒರೆಸದೆ ಸುತ್ತಿದ್ದೆವು, ಬೇಕಂತಲೇ. ಹಾಗಾಗಿ ಈಗ ನಿಯಮ ಮಾಡಿದ್ದೇವೆ: ಒಬ್ಬ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಚ್ಚಿದ ಬಟ್ಟೆಯಲ್ಲಿ ಒರೆಸುತ್ತಾನೆ, ಇನ್ನೊಬ್ಬ ಸುತ್ತುತ್ತಾನೆ. ಒರೆಸುವವನು ಲೇಬಲ್ ಮುಟ್ಟುವುದಿಲ್ಲ.

ಪೀಣ್ಯದ ಅಣ್ಣ, ನೀವು ವೈರಿನ ಬಗ್ಗೆ ಹೇಳಿದ್ದು ಮನಸ್ಸಿನಲ್ಲೇ ಕೂತಿತ್ತು. ಏರ್ ಹೀಟರ್ ಪಕ್ಕದ ಎರಡು ಬಾಕ್ಸಿನಲ್ಲಿ ವೈರು ಬಾಗಿಸಿದರೆ ಇನ್ಸುಲೇಶನ್ ಸೀಳುತ್ತಿದೆ. ಮೇಲಿನವರಿಗೆ ತೋರಿಸಿದೆ. ಆ ಎರಡೂ ಬಾಕ್ಸನ್ನು ನಾಲ್ಕು ಮೀಟರ್ ಆಚೆ ಸರಿಸಿ ಹೊಸ ವೈರು ಎಳೆಯಲು ಒಪ್ಪಿದ್ದಾರೆ. ಅಲ್ಲಿ ಲಗ್ ಹೊಡೆಯುವ ಮೊದಲೇ ಪ್ರಿಂಟ್ ಮಾಡಿದ ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗಿ ವೈರನ್ನು ಹಿಡಿಯುವ ಕೊಳವೆ) ಹಾಕುತ್ತೇವೆ. ಥರ್ಮೊಕಪಲ್‌ಗಳಿಗೆ ಸ್ಟೀಲ್ ಟ್ಯಾಗ್ ಬಂದಿವೆ.

ಐಡಿ ಫ್ಯಾನ್ ಬಾಕ್ಸ್ ನಿನ್ನೆ ಮುಗಿಯಿತು, 48 ತುದಿ. ಆ ಇಂಟರ್‌ಲಾಕ್ ಕೋರಿಗೆ ಮಾತ್ರ ಹಳದಿ ಲೇಬಲ್ ಹಾಕಿದ್ದೇನೆ, ಎರಡೂ ತುದಿಗೆ. ಇವತ್ತು ಫೀಡ್ ಪಂಪ್ ಶುರು.

ಪೀಣ್ಯ ವೈರ್‌ಮನ್

ಹಳದಿ ಯಾಕೆ ಅಂತ ಡ್ರಾಯಿಂಗ್ ಮೇಲೂ ಬರೆದಿಡಿ ಅಣ್ಣ. ಹಂಗಾಮು ಮುಗಿದ ಮೇಲೆ ಒಂದು ಬಾಕ್ಸ್ ತೆಗೆದು ಫೋಟೋ ಹಾಕಿ. ನನಗೂ ನೋಡಬೇಕು.